ಪ್ಯಾರಿಸ್ ರೈಲು ನಿಲ್ದಾಣದ ಪಕ್ಕದಲ್ಲೊಂದು ರೋಮನ್ ಸ್ಮಶಾನ



ಪ್ಯಾರಿಸ್ ನಗರದ ಪೋರ್ಟ್-ರಾಯಲ್ ರೈಲು ನಿಲ್ದಾಣಕ್ಕೆ ಹೊಸ ಹೊರದಾರಿ ಮಾಡಬೇಕಿತ್ತು. ಕೆಲಸಕ್ಕೆ ಮೊದಲು ಪುರಾತತ್ತ್ವಜ್ಞರು ನೆಲ ಅಗೆದು ನೋಡಿದರೆ ಸಿಕ್ಕಿದ್ದು 2ನೇ ಶತಮಾನದ ಸುಮಾರು 50 ಗೋರಿಗಳು. 2023ರ ಏಪ್ರಿಲ್‌ನಲ್ಲಿ ಸುದ್ದಿ ಹೊರಬಂತು. ರೋಮನ್ನರ ಆಳ್ವಿಕೆಯಲ್ಲಿ ಊರಿನ ಹೆಸರು ಲುಟೇಶಿಯ. ಇದು ಅದರ ದಕ್ಷಿಣದ ಸ್ಮಶಾನ.

ಶವಪೆಟ್ಟಿಗೆಗಳ ಮರವೆಲ್ಲ ಮಣ್ಣಾಗಿದೆ. ಉಳಿದ ಕಬ್ಬಿಣದ ಮೊಳೆಗಳಿಂದಲೇ ಪೆಟ್ಟಿಗೆ ಇತ್ತೆಂದು ತಿಳಿಯುವುದು. ಪಾದದ ಬಳಿ ಸಣ್ಣ ಮೊಳೆಗಳಿದ್ದರೆ ಅವು ಪಾದರಕ್ಷೆಯ ಅಟ್ಟೆಯವು. ಅರ್ಧದಷ್ಟು ಗೋರಿಗಳಲ್ಲಿ ಹೂಜಿ, ಬಟ್ಟಲು ಮುಂತಾದವು ಇದ್ದವು. ಕೆಲವೆಡೆ ಪೆಟ್ಟಿಗೆಯಲ್ಲೋ ಸತ್ತವರ ಬಾಯಲ್ಲೋ ಒಂದು ನಾಣ್ಯ. ಪರಲೋಕದ ಹೊಳೆ ದಾಟಿಸುವ ಅಂಬಿಗನಿಗೆ ಅದು ಕೂಲಿ. (ನಮ್ಮಲ್ಲಿ ಬಾಯಿಗೆ ಅಕ್ಕಿ ಹಾಕುವುದು ನೆನಪಾಯಿತು.) ಒಂದು ಗುಂಡಿಯಲ್ಲಿ ಇಡೀ ಹಂದಿಯ ಅಸ್ಥಿಪಂಜರ; ದೇವರಿಗೆ ಅರ್ಪಿಸಿದ್ದಿರಬೇಕು.

ಇದೇ ಸ್ಮಶಾನದ ಬೇರೆ ಭಾಗಗಳನ್ನು 19ನೇ ಶತಮಾನದಲ್ಲಿಯೇ ಅಗೆದಿದ್ದರು. ಅವರು ಬೆಲೆಬಾಳುವ ಸಾಮಾನು ಆರಿಸಿಕೊಂಡು ಮೂಳೆಗಳನ್ನು ಅಲ್ಲಿಯೇ ಬಿಟ್ಟರು. ಕಡತ ಬಿಟ್ಟು ಬರೀ ಅದರ ದಾರ ಒಯ್ದಂತೆ! ಸತ್ತವರ ವಯಸ್ಸೆಷ್ಟು, ಗಂಡೋ ಹೆಣ್ಣೋ, ಯಾವ ಕಾಯಿಲೆಯಿಂದ ನರಳಿದರು ಎಂಬುದನ್ನು ಈಗಿನವರು ಓದುವುದು ಆ ಮೂಳೆಗಳಿಂದಲೇ. ನಿಲ್ದಾಣದ ಪಕ್ಕದ ಈ ತುಂಡಿಗೆ ಮಾತ್ರ ಅಂದಿನವರ ಕೈ ತಾಗಿರಲಿಲ್ಲ.