ಪಶ್ಚಿಮ ಬೆಂಗಳೂರಿನ ಮನೆಗಳಲ್ಲಿ ಜಲತಾಪನ ಮತ್ತು ಇಂಧನದ ಮಿತವ್ಯಯ

ಚಳಿದೇಶಗಳ ಮನೆಗಳಲ್ಲಿ ಕೊಠಡಿಗಳನ್ನು ಬೆಚ್ಚಗಿಡುವುದಕ್ಕಾಗಿಯೇ ಇಂಧನದ ಬಹುಭಾಗ ವ್ಯಯವಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಆ ಅಗತ್ಯವಿಲ್ಲ. ಆದರೆ ಇಲ್ಲಿ ಸ್ನಾನದ ನೀರನ್ನು ವರ್ಷದ ಬಹುಕಾಲ ಕಾಯಿಸಬೇಕಾಗುತ್ತದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಂತಹ ಬಡಾವಣೆಗಳಲ್ಲಿ ಈ ಕಾರ್ಯವನ್ನು ಕಡಮೆ ವೆಚ್ಚದಲ್ಲಿ ಸಾಧಿಸುವ ಬಗೆಯನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಹಿಂದೆ ಬಚ್ಚಲುಮನೆಯ ಮೂಲೆಯಲ್ಲಿ ಒಲೆಯ ಮೇಲೆ ಹೂಡಿದ ತಾಮ್ರದ ಹಂಡೆಯೇ ಜಲತಾಪಕವಾಗಿತ್ತು. ಸೌದೆ, ತೆಂಗಿನ ಗರಿ, ಕರಟಗಳ ಉಷ್ಣದ ಹೆಚ್ಚಿನ ಪಾಲು ಹೊಗೆಯೊಡನೆ ಹೊರಹೋಗುತ್ತಿತ್ತು. ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು, ಉರಿಗೂಡನ್ನು ಮುಚ್ಚಿ, ಗಾಳಿಯನ್ನು ಮಿತಗೊಳಿಸಿ, ಹೊಗೆಗೂಡನ್ನು ಅಳವಡಿಸಿದರೆ ಸೌದೆ ಬಹಳ ಉಳಿಯುವುದೆಂದು ತನ್ನ ಒಲೆಗಳಿಂದ ತೋರಿಸಿತು. ನಗರದಲ್ಲಿ ಹಂಡೆಯ ಸ್ಥಾನವನ್ನು ವಿದ್ಯುತ್ ಗೀಸರೂ ಅನಂತರ ಸೌರಜಲತಾಪಕವೂ ಆಕ್ರಮಿಸಿದವು. 2007ರಲ್ಲಿ ಕರ್ನಾಟಕ ಸರ್ಕಾರವು ಹಲವು ವರ್ಗದ ಕಟ್ಟಡಗಳಿಗೆ ಸೌರಜಲತಾಪಕವನ್ನು ಕಡ್ಡಾಯಗೊಳಿಸಿತು.

ಈಗ ಲೆಕ್ಕವನ್ನು ನೋಡೋಣ. ಐದು ಜನರ ಸಂಸಾರಕ್ಕೆ ತಲೆಗೊಂದು ಬಕೀಟಿನಂತೆ 100 ಲೀಟರು ನೀರು ಬೇಕೆಂದಿಟ್ಟುಕೊಂಡರೆ, ಅದನ್ನು 22 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಲು ಸುಮಾರು 2.3 ಯೂನಿಟ್ಟು ವಿದ್ಯುತ್ತು ತಗಲುತ್ತದೆ. ನಿರ್ಮಲ ದಿನದಲ್ಲಿ ಇಲ್ಲಿನ ಪ್ರತಿ ಚದರ ಮೀಟರಿನ ಮೇಲೆ ಸುಮಾರು 5 ಯೂನಿಟ್ಟಿನಷ್ಟು ಬಿಸಿಲು ಬೀಳುತ್ತದೆ. 2 ಚದರ ಮೀಟರಿನ ಫಲಕವು ಅದರಲ್ಲಿ ಶೇಕಡ 40 ಭಾಗವನ್ನು ಹಿಡಿದರೂ 4 ಯೂನಿಟ್ಟು ದೊರಕುತ್ತದೆ. ಆದಕಾರಣ ಬಿಸಿಲಿಗೆ ಇಲ್ಲಿ ಕೊರತೆಯಿಲ್ಲ. ಹಿಡಿದ ಉಷ್ಣ ಬಚ್ಚಲನ್ನು ಸೇರುವ ಮೊದಲೇ ಸೋರಿಹೋಗುವುದೇ ನಿಜವಾದ ಸಮಸ್ಯೆ.

ಈ ಸೋರಿಕೆಯ ಮೊದಲನೆಯ ದಾರಿ ಕೊಳವೆ. ಅರ್ಧ ಅಂಗುಲದ ಕೊಳವೆಯಲ್ಲಿ 20 ಮೀಟರಿಗೆ ಸುಮಾರು 3.5 ಲೀಟರು ನೀರು ನಿಲ್ಲುತ್ತದೆ. ಐವರೂ ಬೇರೆಬೇರೆ ಹೊತ್ತಿನಲ್ಲಿ ಸ್ನಾನ ಮಾಡಿದರೆ, ಪ್ರತಿಸಲವೂ ಅಷ್ಟು ಬಿಸಿನೀರು ಕೊಳವೆಯಲ್ಲಿಯೇ ತಣಿದು, 17 ಲೀಟರಿಗೂ ಮಿಕ್ಕಿ ವ್ಯರ್ಥವಾಗುತ್ತದೆ. ಒಂದು ಅಂಗುಲದ ಕೊಳವೆಯಾದರೆ ನಷ್ಟ ಹೆಚ್ಚುಕಡಮೆ ಮೂರರಷ್ಟಾಗುತ್ತದೆ. ಒಬ್ಬರಾದಮೇಲೊಬ್ಬರು ಸ್ನಾನಕ್ಕೆ ಹೋದರೆ ಕಾಸಿನ ಖರ್ಚಿಲ್ಲದೆ ಈ ನಷ್ಟ ತಪ್ಪುತ್ತದೆ.

ಎರಡನೆಯದು ತೊಟ್ಟಿಯೊಳಗಿನ ವಿದ್ಯುತ್ ತಾಪಕ. ಅದನ್ನು ಸದಾ ಹಾಕಿಟ್ಟರೆ, ಸೂರ್ಯೋದಯದ ವೇಳೆಗೆ ತೊಟ್ಟಿ ಕಾದಿರುತ್ತದೆ. ಬಿಸಿಯಾದ ನೀರಿಗೆ ಬಿಸಿಲು ಹೆಚ್ಚೇನೂ ಸೇರಿಸಲಾರದು. ಮೋಡ ಕವಿದ ದಿನದ ಮರುಬೆಳಗ್ಗೆ, ಸ್ನಾನಕ್ಕೆ ಮುಂಚೆ ಮಾತ್ರ ಅದನ್ನು ಬಳಸುವುದು ಯುಕ್ತ. ಮೂರನೆಯದಾಗಿ, ಕೊಳವೆಬಾವಿಯ ಗಡಸುನೀರು ಫಲಕದ ತಾಮ್ರದ ನಾಳಗಳಲ್ಲಿ ಸುಣ್ಣದ ಪದರವನ್ನು ಕಟ್ಟಿ ನೀರಿನ ಹರಿವನ್ನು ತಡೆಯುತ್ತದೆ. ಆಗಾಗ ಶುದ್ಧಿ ಮಾಡಿಸಬೇಕು.

ನಾಲ್ಕನೆಯದು ನೆರಳು. ಡಿಸೆಂಬರಿನಲ್ಲಿ, ಎಂದರೆ ಬಿಸಿನೀರು ಅತ್ಯಾವಶ್ಯಕವಾದಾಗ, ಮಧ್ಯಾಹ್ನದ ಸೂರ್ಯನು ಇಲ್ಲಿ ದಕ್ಷಿಣದಲ್ಲಿ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ದಕ್ಷಿಣದ ನೆರೆಮನೆ ನಮ್ಮ ತಾರಸಿಗಿಂತ 6 ಮೀಟರು ಎತ್ತರವಾದರೆ ಅದರ ನೆರಳು ಸುಮಾರು 4.5 ಮೀಟರು ಚಾಚುತ್ತದೆ. ಆದುದರಿಂದ ಫಲಕವನ್ನು ದಕ್ಷಿಣಾಭಿಮುಖವಾಗಿಯೇ, ಆದರೆ ತಾರಸಿಯ ಉತ್ತರದಂಚಿನಲ್ಲಿ ಇಡುವುದು ಲೇಸು. ಮೂವತ್ತು–ನಲವತ್ತು ಅಡಿಯ ನಿವೇಶನಗಳಲ್ಲಿ ಅಂತಸ್ತುಗಳು ಏರುತ್ತಿರುವಾಗ, ಒಬ್ಬರು ಕಟ್ಟಿದ ಗೋಡೆ ಮತ್ತೊಬ್ಬರ ಬಿಸಿಲನ್ನು ಕಸಿಯುತ್ತದೆಂಬುದು ಚಿಂತನಾರ್ಹ.

ಇಷ್ಟೆಲ್ಲವೂ ತಿಳಿದಿದ್ದರೂ ಸುಧಾರಣೆ ನಿಧಾನವಾಗುವುದಕ್ಕೆ ಒಂದು ಸಾಮಾಜಿಕ ಕಾರಣವುಂಟು. ಕೊಳವೆಗೆ ಹೊದಿಕೆ ಹಾಕಿಸಬೇಕಾದವರು ಮನೆಯ ಮಾಲೀಕರು. ವಿದ್ಯುತ್ತಿನ ಬಿಲ್ಲನ್ನು ತೆರುವವರು ಬಾಡಿಗೆದಾರರು. ವೆಚ್ಚ ಒಬ್ಬರದು, ಲಾಭ ಇನ್ನೊಬ್ಬರದು. ಯಂತ್ರವನ್ನು ಕಡ್ಡಾಯಗೊಳಿಸುವ ನಿಯಮವೊಂದರಿಂದಲೇ ಈ ಅಂತರ ಮುಚ್ಚದು. ಕೊಳವೆಯ ಉದ್ದ, ಹೊದಿಕೆ, ಫಲಕದ ಸ್ಥಾನ ಇವುಗಳನ್ನು ಮನೆಯ ನಕ್ಷೆಯಲ್ಲಿಯೇ ನಿರ್ಧರಿಸುವ ಪದ್ಧತಿ ಬಂದಲ್ಲಿ, ತಾರಸಿಯ ಮೇಲೆ ಬೀಳುವ ಬಿಸಿಲು ಕೆಳಮನೆಯ ಬಚ್ಚಲಿನವರೆಗೂ ತಲುಪೀತೆಂದು ನಾವು ಭಾವಿಸುತ್ತೇವೆ.