ಘೋಡಬಂದರ್ ರಸ್ತೆಯೂ ಕಾಡುಪ್ರಾಣಿಗಳ ಹಾದಿಯೂ

ಠಾಣೆಯಿಂದ ಘೋಡಬಂದರ್ ರಸ್ತೆ ಹಿಡಿದು ಪಡುವಣಕ್ಕೆ ಸಾಗುವವರಿಗೆ ಬಹುದೂರದವರೆಗೆ ಇಕ್ಕೆಲಗಳಲ್ಲಿಯೂ ಮುಗಿಲೆತ್ತರದ ವಸತಿಗಳೇ ಕಾಣುತ್ತವೆ. ಗಾಯಮುಖವನ್ನು ದಾಟಿದೊಡನೆ ನೋಟ ಬೇರೆಯಾಗುತ್ತದೆ. ಎಡಗಡೆಗೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಬೆಟ್ಟಗಳು. ಬಲಗಡೆಗೆ ನಾಗಲಾ ಎಂಬ ಅರಣ್ಯಖಂಡ, ಅದರಾಚೆ ವಸಯಿಯ ಖಾಡಿ. ನಾಗಲಾ ಬೇರೊಂದು ಕಾಡಲ್ಲ. ಅದೇ ಉದ್ಯಾನದ ಅಂಗ. ಒಂದೇ ಕಾಡನ್ನು ರಸ್ತೆಯು ಎರಡಾಗಿ ಸೀಳಿದೆ. ಆದುದರಿಂದ ‘ಚಿರತೆ ರಸ್ತೆಗೆ ಬಂತು’ ಎಂದು ನಾವು ಆಡುವ ಮಾತು ತಲೆಕೆಳಗಾದುದು. ಚಿರತೆಯ ಹಾದಿಗೆ ರಸ್ತೆ ಬಂತೆನ್ನುವುದೇ ಸರಿ. ಆ ಹಾದಿಯನ್ನು ಪ್ರಾಣಿಗಳಿಗೆ ಮರಳಿ ಒದಗಿಸುವ ಬಗೆ ಹೇಗೆಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ಪ್ರಾಣಿಗಳು ರಸ್ತೆಯನ್ನು ದಾಟಲೇಬೇಕೆ ಎಂಬ ಪ್ರಶ್ನೆ ಮೊದಲು ಏಳುವುದು ಸಹಜ. ಉದ್ಯಾನದ ವಿಸ್ತಾರ ಸುಮಾರು 104 ಚದರ ಕಿಲೋಮೀಟರು. 2015ರಲ್ಲಿ ಕ್ಯಾಮೆರಾಗಳನ್ನಿರಿಸಿ ನಡೆಸಿದ ಗಣನೆಯಲ್ಲಿ ಉದ್ಯಾನ ಹಾಗೂ ಅದರ ಆಸುಪಾಸಿನಲ್ಲಿ 35 ಚಿರತೆಗಳು ಗುರುತಿಗೆ ಸಿಕ್ಕಿದುವು. ಉಳಿದ ದಿಕ್ಕುಗಳನ್ನು ನಗರವು ಮುತ್ತಿರುವುದರಿಂದ ಬೇರೆ ಕಾಡಿಗೆ ಹೋಗುವ ಬಾಗಿಲು ಬಡಗಣ ದಿಕ್ಕಿನಲ್ಲಿ ಮಾತ್ರ ಉಳಿದಿದೆ. ನಾಗಲಾದಾಚೆ, ಖಾಡಿಯ ಎದುರುದಡದ ಸೀಮೆಯಲ್ಲಿ ತುಂಗಾರೇಶ್ವರ ಅಭಯಾರಣ್ಯವಿದೆ; ಅದರಿಂದ ಮುಂದೆ ತಾನಸಾ ಕಾಡು. ಪ್ರಾಯಕ್ಕೆ ಬಂದ ಗಂಡುಚಿರತೆಯು ತಾಯಿಯ ನೆಲೆಯನ್ನು ಬಿಟ್ಟು ತನ್ನದೇ ನೆಲೆಯನ್ನು ಅರಸಿ ಹೊರಡುತ್ತದೆ. ಹೊರಗಿನಿಂದ ಹೊಸ ಪ್ರಾಣಿಗಳೂ ಒಳಕ್ಕೆ ಬರಬೇಕು. ಈ ಹೋಗುಬರುವಿಕೆ ನಿಂತರೆ ಉದ್ಯಾನವು ದ್ವೀಪವಾಗಿ, ಹತ್ತಿರದ ರಕ್ತಸಂಬಂಧದಲ್ಲಿಯೇ ಸಂತಾನ ಬೆಳೆದು, ತಲೆಮಾರುಗಳು ಕಳೆದಂತೆ ಕುಲವೇ ದುರ್ಬಲವಾಗುತ್ತದೆ.

ಇದು ಬರಿಯ ಊಹೆಯಲ್ಲವೆಂಬುದಕ್ಕೆ ‘ಆಜೋಬಾ’ ಎಂಬ ಚಿರತೆಯ ವೃತ್ತಾಂತವೇ ಸಾಕ್ಷಿ. ಮರಾಠಿಯಲ್ಲಿ ಆಜೋಬಾ ಎಂದರೆ ಅಜ್ಜ. 2009ರಲ್ಲಿ ಅಹಮದ್‌ನಗರ ಜಿಲ್ಲೆಯಲ್ಲಿ ಬಾವಿಗೆ ಬಿದ್ದಿದ್ದ ಈ ಪ್ರಾಣಿಯನ್ನು ಮೇಲೆತ್ತಿ, ಕೊರಳಿಗೆ ಉಪಗ್ರಹದ ಮೂಲಕ ನೆಲೆ ತಿಳಿಸುವ ಪಟ್ಟಿಯನ್ನು ಕಟ್ಟಿ, ಮಾಳಶೇಜ ಘಟ್ಟದಲ್ಲಿ ಬಿಡಲಾಯಿತು. ಸಂಶೋಧಕಿ ವಿದ್ಯಾ ಅತ್ರೇಯ ಅವರು ಅದರ ಹೆಜ್ಜೆಯನ್ನು ಅನುಸರಿಸಿದರು. ಹೆದ್ದಾರಿ, ರೈಲುಮಾರ್ಗ, ಕೊನೆಗೆ ವಸಯಿಯ ಖಾಡಿ ಇವನ್ನೆಲ್ಲ ದಾಟಿ, ಒಂದು ತಿಂಗಳೊಳಗೆ ಸುಮಾರು 120 ಕಿಲೋಮೀಟರು ನಡೆದು, ಅದು ನಾಗಲಾ ಖಂಡವನ್ನು ಸೇರಿತು. ಇಷ್ಟೆಲ್ಲ ದಾಟಿದ ಆಜೋಬಾ 2011ರ ಡಿಸೆಂಬರಿನಲ್ಲಿ ಮುಂಬಯಿಯ ಹೊರವಲಯದ ಹೆದ್ದಾರಿಯಲ್ಲಿ ವಾಹನವೊಂದರ ಹೊಡೆತಕ್ಕೆ ಸಿಕ್ಕಿ ಸತ್ತಿತು. 2014ರಲ್ಲಿ ಅದರ ಕತೆ ಮರಾಠಿ ಚಲನಚಿತ್ರವೂ ಆಯಿತು.

ರಸ್ತೆಯಿಂದಾಗುವ ಹಾನಿ ಎರಡು ಬಗೆಯದು. ಢಿಕ್ಕಿಯಿಂದಾಗುವ ಸಾವು ಕಣ್ಣಿಗೆ ಬೀಳುವಂಥದು. ವಾಹನಗಳ ಸಾಲಿಗೂ ಸದ್ದಿಗೂ ಅಂಜಿ ಪ್ರಾಣಿಗಳು ದಾಟುವುದನ್ನೇ ಕೈಬಿಡುವುದು ಎರಡನೆಯದು. ಇದು ಯಾವ ಲೆಕ್ಕದ ಪುಸ್ತಕಕ್ಕೂ ಏರದ ನಷ್ಟ. ಇರುಳಿನಲ್ಲಿ ಸಂಚರಿಸುವ ಪ್ರಾಣಿಗಳ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಪ್ರತಿಫಲಿಸುವ ಪೊರೆಯೊಂದಿದ್ದು, ಅದು ಮಂದಬೆಳಕಿನಲ್ಲಿಯೂ ನೋಟಕ್ಕೆ ನೆರವಾಗುತ್ತದೆ. ಕತ್ತಲೆಗೆ ಒಗ್ಗಿದ ಇಂಥ ಕಣ್ಣುಗಳಿಗೆ ವಾಹನದ ಪ್ರಖರದೀಪವು ಒಮ್ಮೆಲೇ ತಾಗಿದಾಗ ಪ್ರಾಣಿಯು ದಿಕ್ಕುಗಾಣದೆ ನಿಂತಲ್ಲಿಯೇ ನಿಂತುಬಿಡುತ್ತದೆ.

ಇದಕ್ಕೆ ಪರಿಹಾರಗಳೂ ಎರಡು: ಕಾಲವನ್ನು ಹಂಚುವುದು, ಇಲ್ಲವೆ ಸ್ಥಳವನ್ನು ಹಂಚುವುದು. ಮೊದಲನೆಯದಕ್ಕೆ ನಮ್ಮ ಬಂಡೀಪುರವೇ ನಿದರ್ಶನ. ಗುಂಡ್ಲುಪೇಟೆಯಿಂದ ಊಟಿಗೂ ಕಲ್ಲಿಕೋಟೆಗೂ ಹೋಗುವ ಹೆದ್ದಾರಿಗಳ ಅರಣ್ಯಭಾಗದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6 ಗಂಟೆಯವರೆಗೆ ವಾಹನಸಂಚಾರವನ್ನು 2009ರಲ್ಲಿ ನಿಷೇಧಿಸಲಾಯಿತು. ರೋಗಿಗಳ ವಾಹನಗಳಿಗೂ ಗೊತ್ತುಪಡಿಸಿದ ಕೆಲವು ಬಸ್ಸುಗಳಿಗೂ ವಿನಾಯಿತಿಯುಂಟು. 2010ರಲ್ಲಿ ಕರ್ನಾಟಕದ ಉಚ್ಚನ್ಯಾಯಾಲಯವು ಈ ನಿಷೇಧವನ್ನು ಎತ್ತಿಹಿಡಿಯಿತು. ಹಗಲು ಮನುಷ್ಯನಿಗೆ, ಇರುಳು ಆನೆ ಹುಲಿಗಳಿಗೆ ಎಂಬ ನ್ಯಾಯವಿದು.

ಘೋಡಬಂದರಿನಲ್ಲಿ ಈ ನ್ಯಾಯ ನಡೆಯದು. ಬಂದರಿಗೂ ಗುಜರಾತಿಗೂ ನಡುವೆ ಸರಕು ಸಾಗಿಸುವ ಲಾರಿಗಳು ಇದೇ ಮಾರ್ಗವನ್ನು ಹಿಡಿಯುತ್ತವೆ. ಹಗಲಿನ ಜನಸಂದಣಿಯ ವೇಳೆಯಲ್ಲಿ ಅವನ್ನು ತಡೆದು, ರಾತ್ರಿಯಲ್ಲಿ ಬಿಡುವ ಪದ್ಧತಿಯುಂಟು. ಕಾಡು ಎಚ್ಚರಗೊಳ್ಳುವ ಹೊತ್ತೇ ಲಾರಿಗಳು ಹೊರಡುವ ಹೊತ್ತೂ ಆಗಿದೆ. ಕಾಲವನ್ನು ಹಂಚಲಾಗದ ಕಡೆ ಸ್ಥಳವನ್ನು ಹಂಚದೆ ಗತಿಯಿಲ್ಲ.

ಇಂಥ ಏರ್ಪಾಡು ಮಹಾರಾಷ್ಟ್ರದಲ್ಲಿಯೇ ಉಂಟು. ನಾಗಪುರದ ಉತ್ತರಕ್ಕೆ, ಪೇಂಚ್ ಹುಲಿಕಾಡಿನ ನಡುವೆ ಹಾಯುವ 44ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಒಂಬತ್ತು ಕಡೆಗಳಲ್ಲಿ ಕಂಬಗಳ ಮೇಲೆ ಎತ್ತರಿಸಿ, ಅಡಿಯ ನೆಲವನ್ನು ಪ್ರಾಣಿಗಳಿಗೆ ಬಿಡಲಾಗಿದೆ. ಈ ಕೆಳದಾರಿಗಳ ಅಗಲ 50 ಮೀಟರಿನಿಂದ 750 ಮೀಟರಿನವರೆಗೆ ಇದೆ. 2019ರಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆಯವರು ಕ್ಯಾಮೆರಾಗಳಿಂದ ಪರೀಕ್ಷಿಸಿದಾಗ ಹುಲಿಯೂ ಸೇರಿದಂತೆ 18 ಜಾತಿಯ ಕಾಡುಪ್ರಾಣಿಗಳು ಇವನ್ನು ಬಳಸುತ್ತಿದ್ದುದು ಕಂಡುಬಂತು. ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದಲ್ಲಿಯಂತೂ 1980ರ ದಶಕದಿಂದಲೇ ಹೆದ್ದಾರಿಗೆ ಬೇಲಿ ಹಾಕಿ, ಮೇಲ್ಸೇತುವೆಗಳನ್ನೂ ಕೆಳದಾರಿಗಳನ್ನೂ ಕಟ್ಟುತ್ತ ಬಂದಿದ್ದಾರೆ; ಅಲ್ಲಿ ಪ್ರಾಣಿಗಳಿಗೆ ವಾಹನ ಬಡಿಯುವುದು ಶೇಕಡಾ 80ಕ್ಕೂ ಮಿಕ್ಕಿ ಇಳಿದಿದೆ. ಕರಡಿಗಳು ಹೊಸ ದಾರಿಯನ್ನು ನಂಬಲು ವರ್ಷಗಳೇ ಹಿಡಿದುವೆಂಬುದನ್ನೂ ನೆನೆಯಬೇಕು.

ಈ ಅನುಭವಗಳಿಂದ ಹೊರಡುವ ಸೂತ್ರಗಳು ಕೆಲವು. ದಾಟುದಾರಿಯನ್ನು ಪ್ರಾಣಿಗಳು ಮೊದಲೇ ನಡೆಯುವ ಕಡೆಯಲ್ಲಿ ಕಟ್ಟಬೇಕೇ ಹೊರತು ಗುತ್ತಿಗೆದಾರನಿಗೆ ಅನುಕೂಲವಾದಲ್ಲಿ ಅಲ್ಲ. ಹಳ್ಳಕೊಳ್ಳಗಳ ಪಾತ್ರವು ಸಾಮಾನ್ಯವಾಗಿ ಒಳ್ಳೆಯ ಸೂಚನೆ. ಚೇಣೆಯ ಹೊಳೆಯಂಥ ತಾವುಗಳನ್ನು ಮೊದಲು ಪರೀಕ್ಷಿಸುವುದು ಯುಕ್ತ. ಚಿರತೆ, ಪುನುಗುಬೆಕ್ಕುಗಳು ಮೋರಿಯಲ್ಲಿಯೂ ನುಸುಳಬಲ್ಲವು. ಆಚೆಯ ಬೆಳಕು ಕಾಣದ ಇಕ್ಕಟ್ಟಿನ ದಾರಿಗೆ ಚುಕ್ಕೆಜಿಂಕೆ, ಕಡವೆಗಳು ಹಿಂಜರಿಯುತ್ತವೆ. ಮಳೆಗಾಲದಲ್ಲಿಯೂ ಕಾಲಿಡಲು ಒಣನೆಲವಿರಬೇಕು. ಪ್ರಾಣಿಯನ್ನು ದಾರಿಯ ಬಾಯಿಗೆ ತಂದು ಸೇರಿಸುವ ಬೇಲಿ ಜೊತೆಗಿರಬೇಕು. ಬರಿಯ ಎಚ್ಚರಿಕೆಯ ಫಲಕವನ್ನು ನೆಟ್ಟರೆ ಕರ್ತವ್ಯ ಮುಗಿದಂತಾಗದು.

ಎಲ್ಲಕ್ಕಿಂತ ಮುಖ್ಯವಾದುದು ದಾರಿಯ ಎರಡು ತುದಿಗಳ ನೆಲ. ಕೆಳದಾರಿಗೆ ಕೋಟಿಗಟ್ಟಲೆ ಹಣ ಸುರಿದು, ಅದರ ಬಾಯಲ್ಲಿ ಹೋಟೆಲನ್ನೋ ಲಾರಿಗಳ ತಂಗುದಾಣವನ್ನೋ ಬೆಳೆಯಗೊಟ್ಟರೆ ಮೂಲಧನವೇ ಮುಳುಗಿದಂತೆ. ಸೇತುವೆಯನ್ನು ಇಂದಲ್ಲದಿದ್ದರೆ ಹತ್ತು ವರ್ಷಗಳ ಮೇಲೆಯೂ ಕಟ್ಟಬಹುದು. ನಾಗಲಾದ ನೆಲವು ಒಮ್ಮೆ ಕೈತಪ್ಪಿದರೆ ಆ ಸೇತುವೆಯಿಂದ ಪ್ರಾಣಿಗಳು ಹೋಗಿ ಸೇರಲು ತಾವಿರದು. ಈ ರಸ್ತೆಯನ್ನು ಅಗಲಿಸುವ ಯೋಜನೆ ಯಾವಾಗ ಮುಂದೆ ಬಂದರೂ ಪ್ರಾಣಿಗಳ ದಾರಿಯು ಅದರ ಮೊದಲ ನಕ್ಷೆಯಲ್ಲಿಯೇ ಇರಬೇಕೆಂದು ಕೇಳುವ ಹಕ್ಕು ಇಲ್ಲಿ ನೆಲೆಸಿದ ನಮಗೂ ಇದೆ. ಬಂಡೀಪುರದ ವಿಷಯದಲ್ಲಿ ಹೆಮ್ಮೆ ಪಡುವ ಕನ್ನಡಿಗರು ಮನೆಯ ಮುಂದಿನ ಕಾಡಿನ ವಿಷಯದಲ್ಲಿ ಸುಮ್ಮನಿರುವುದು ತರವಲ್ಲ.