ಕರಿಕೋಟಿನಿಂದ ಜಾಲತಾಣ ಸಲಹೆಯತ್ತ

1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ರೂಪುಗೊಂಡ ಚಾಮರಾಜನಗರ ಜಿಲ್ಲೆಯು ಕರಿಕಲ್ಲು, ಅರಿಶಿನ, ರೇಷ್ಮೆ, ಬಾಳೆಗಳಿಗೆ ಹೆಸರಾಗಿದೆ. ಗುಂಡ್ಲುಪೇಟೆಯ ಚೆಂಡುಹೂ ಮತ್ತು ಸೂರ್ಯಕಾಂತಿ ಹೊಲಗಳನ್ನು ನೋಡಲು ಮುಂಗಾರಿನಲ್ಲಿ ಕೇರಳದಿಂದ ಪ್ರವಾಸಿಗರು ಬರುತ್ತಾರೆ. ಅವರು ತೆಗೆದ ಚಿತ್ರಗಳು ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡುತ್ತವೆ. ಆ ಚಿತ್ರಗಳಲ್ಲಿ ಹೂವಿದೆ, ಹೊಲವಿದೆ. ಬೆಳೆದವರ, ಮಾರುವವರ ವಿಳಾಸವಿಲ್ಲ. ಈ ಕೊರತೆಯನ್ನು ತುಂಬಬಲ್ಲವರು ಜಾಲತಾಣ ಸಲಹೆಗಾರರು. ವಕೀಲಿ ವೃತ್ತಿಯಿಂದ ಈ ಕ್ಷೇತ್ರಕ್ಕೆ ಬರುವವರಿಗೂ ಇಲ್ಲಿ ಅವಕಾಶವಿದೆ.

ಇದಕ್ಕೆ ನಿದರ್ಶನಗಳಿವೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವಕೀಲರಾಗಿದ್ದ ಕೆವಿನ್ ಓಕೀಫ್ ಅವರು ವಕೀಲರಿಗೆ ಬ್ಲಾಗ್ ರೂಪಿಸಿಕೊಡುವ 'ಲೆಕ್ಸ್‌ಬ್ಲಾಗ್' ಸಂಸ್ಥೆಯನ್ನು ಕಟ್ಟಿದರು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಪದವೀಧರರಾದ ದಿವಂಗತ ಶಾಮ್ನಾದ್ ಬಶೀರ್ ಅವರು 2005ರಲ್ಲಿ ಆರಂಭಿಸಿದ 'ಸ್ಪೈಸಿ ಐಪಿ' ಬ್ಲಾಗ್, ಪೇಟೆಂಟ್ ಕಾನೂನಿನಂತಹ ಜಟಿಲ ವಿಷಯವನ್ನು ಸಾಮಾನ್ಯ ಓದುಗರಿಗೂ ತಲುಪಿಸಿತು.

ಸನದು ಮತ್ತು ವ್ಯಾಪಾರ

ವೃತ್ತಿ ಬದಲಿಸುವವರ ಮುಂದೆ ಒಂದು ನಿಯಮವಿದೆ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳ ಪ್ರಕಾರ ವಕೀಲರು ಪತ್ರಿಕೋದ್ಯಮ, ಉಪನ್ಯಾಸಗಳಲ್ಲಿ ತೊಡಗಬಹುದು. ಆದರೆ ಸ್ವತಃ ವ್ಯಾಪಾರ ನಡೆಸುವಂತಿಲ್ಲ. ಲೇಖನ ಬರೆಯುವುದು ಬೇರೆ, ಸಲಹಾ ಸಂಸ್ಥೆ ನಡೆಸುವುದು ಬೇರೆ. ಎರಡನೆಯದನ್ನು ಆರಿಸಿಕೊಂಡವರು ಮೂಲ ಸನದನ್ನು ರಾಜ್ಯ ವಕೀಲರ ಪರಿಷತ್ತಿಗೆ ಸಲ್ಲಿಸಿ, ವೃತ್ತಿಯನ್ನು ಸ್ವಇಚ್ಛೆಯಿಂದ ಅಮಾನತಿನಲ್ಲಿಡಬೇಕಾಗುತ್ತದೆ. ಅನಂತರ ಅವರು ನ್ಯಾಯಾಲಯದಲ್ಲಿ ವಾದಿಸಲಾರರು. ಆದುದರಿಂದ ಜಾಲತಾಣದ ಸಲಹೆಗಾರರೇ ತಮ್ಮ ದಾವೆಯನ್ನೂ ನಡೆಸಿಕೊಡುವರೆಂದು ವರ್ತಕರು ನಿರೀಕ್ಷಿಸಬಾರದು.

ವರ್ತಕರಿಗೇನು ಪ್ರಯೋಜನ?

ಕಾನೂನು ಬಲ್ಲವರ ಬೆಲೆ ತಿಳಿಯುವುದು ಜಾಹೀರಾತಿನ ಪದಗಳಲ್ಲಿ. ಅರಿಶಿನ ಪುಡಿಯಿಂದ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆಂದು ಬರೆದರೆ ಗಿರಾಕಿ ಬರಬಹುದು; ಅದರ ಹಿಂದೆಯೇ ನೋಟೀಸೂ ಬರಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅಡಿಯಲ್ಲಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ತಪ್ಪು ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಹಣ ಅಥವಾ ಉಚಿತ ವಸತಿ ಪಡೆದು ರೆಸಾರ್ಟನ್ನು ಹೊಗಳುವವರು ಆ ಸಂಗತಿಯನ್ನು ಸ್ಪಷ್ಟವಾಗಿ ತಿಳಿಸಬೇಕು. ಅನ್ಯರು ತೆಗೆದ ಚಿತ್ರವನ್ನು ಅನುಮತಿಯಿಲ್ಲದೆ ಬಳಸಿದರೆ 1957ರ ಹಕ್ಕುಸ್ವಾಮ್ಯ ಅಧಿನಿಯಮ ಅಡ್ಡಬರುತ್ತದೆ.

ಒಪ್ಪಂದ ಲಿಖಿತವಾಗಿರಲಿ

ಖಾತೆ ಯಾರ ಹೆಸರಿನಲ್ಲಿರಬೇಕು, ಪಾಸ್‌ವರ್ಡ್ ಯಾರ ವಶದಲ್ಲಿರಬೇಕು, ತಿಂಗಳಿಗೆ ಎಷ್ಟು ಬರಹಗಳು, ಶುಲ್ಕವೆಷ್ಟು, ಒಪ್ಪಂದ ಮುರಿದರೆ ಚಿತ್ರಗಳು ಯಾರಿಗೆ ಸೇರಬೇಕು ಎಂಬುದು ಬರವಣಿಗೆಯಲ್ಲಿರಬೇಕು. ಖಾತೆಯು ಸಂಸ್ಥೆಯ ಹೆಸರಿನಲ್ಲಿಯೇ ಇರುವುದು ಲೇಸು. ಸಲಹೆಗಾರರು ಬದಲಾದರೂ ಗಿರಾಕಿಗಳು ಕೈತಪ್ಪುವುದಿಲ್ಲ. ಸಲಹೆಗಾರರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದರೆ ಜಿ.ಎಸ್.ಟಿ. ನೋಂದಣಿ ಕಡ್ಡಾಯವಾದುದರಿಂದ ತೆರಿಗೆಯ ಲೆಕ್ಕವನ್ನೂ ಮೊದಲೇ ಕೇಳಿಕೊಳ್ಳಬೇಕು.

ಹೂವಿನ ಹಂಗಾಮು ಅಲ್ಪಕಾಲದ್ದು; ಓಣಂ ಮುಗಿದ ಮೇಲೆ ಚೆಂಡುಹೂವಿನ ಬೇಡಿಕೆ ಇಳಿಯುತ್ತದೆ. ಮುಂಗಾರಿಗೆ ಮುನ್ನವೇ ಸಲಹೆಗಾರರನ್ನು ಗೊತ್ತುಮಾಡಿ, ಕನ್ನಡದ ಜೊತೆಗೆ ಮಲಯಾಳ, ತಮಿಳುಗಳಲ್ಲಿಯೂ ಮಾಹಿತಿ ಸಿದ್ಧಪಡಿಸಿಕೊಂಡ ವರ್ತಕರಿಗೆ ಆ ವರ್ಷದ ಹಂಗಾಮು ಕೈಗೂಡೀತು.